ಬೈಸೆಪ್ಸ್ ಟೆಂಡನ್ ಹರಿದಾಗ: ಆಪರೇಷನ್‌ನಿಂದ ಮತ್ತೆ ಸ್ಕ್ರೂ ಬಿಗಿಯುವ ದಿನದವರೆಗೆ

ಬಾಗಿಲು ಜಾರಿತು. ಆ ತುದಿಯಲ್ಲಿ ಹಿಡಿದಿದ್ದ ಹುಡುಗನ ಕೈ ತಪ್ಪಿ ಅಷ್ಟೂ ಭಾರ ನನ್ನ ಬಲಗೈಗೆ ಬಂತು. ಮೊಣಕೈ ಮಡಚಿಕೊಂಡಿತ್ತು. ಬೀಳಬಾರದು ಅಂತ ನಾನು ಬಿಗಿಹಿಡಿದೆ, ಭಾರ ಕೈಯನ್ನು ಕೆಳಕ್ಕೆ ಎಳೆದು ನೇರ ಮಾಡಿತು. ಮೊಣಕೈಯ ಒಳಮಡಿಕೆಯಲ್ಲಿ ‘ಟಪ್’ ಅಂತ ಒಂದು ಸದ್ದು. ಒದ್ದೆ ಹಗ್ಗ ತುಂಡಾದ ಹಾಗೆ. ಆಗ ನನಗೆ ಐವತ್ತೆರಡು ವರ್ಷ, ಬಡಗಿ ಕೆಲಸಕ್ಕೆ ಇಳಿದು ಮೂವತ್ತು ವರ್ಷವಾಗಿತ್ತು.

ನೋವು ಜೋರಾಗಿ ಬಂದು ಅರ್ಧ ಗಂಟೆಯಲ್ಲಿ ಇಳಿಯಿತು. ನನ್ನನ್ನು ದಾರಿ ತಪ್ಪಿಸಿದ್ದು ಅದೇ. ಕೈ ಮಡಚಲು ಬರುತ್ತಿತ್ತು, ಲೋಟ ಎತ್ತಲು ಬರುತ್ತಿತ್ತು. ಉಳುಕಿರಬೇಕು, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ಮಾರನೆಯ ದಿನ ಮೊಣಕೈಯ ಒಳಭಾಗ ಕಪ್ಪುನೀಲಿಯಾಗಿ, ಬಣ್ಣ ಕೆಳಗೆ ಮುಂಗೈವರೆಗೆ ಇಳಿಯಿತು. ಕನ್ನಡಿ ಮುಂದೆ ನಿಂತರೆ ಬಲ ತೋಳಿನ ಉಬ್ಬು ಎಡದ್ದಕ್ಕಿಂತ ಮೇಲೆ, ಭುಜದ ಕಡೆಗೆ ಸರಿದುಕೊಂಡಿತ್ತು. ಐದನೇ ದಿನ ಒಂದು ಕೀಲಿನ ಸ್ಕ್ರೂ ಬಿಗಿಯಲು ಹೋದೆ. ಸ್ಕ್ರೂಡ್ರೈವರ್ ಕೈಯಲ್ಲೇ ತಿರುಗಿತು, ಸ್ಕ್ರೂ ಕದಲಲಿಲ್ಲ. ಆಗ ಆಸ್ಪತ್ರೆಗೆ ಹೋದೆ. ನೀವು ಐದು ದಿನ ಕಾಯಬೇಡಿ. ಸದ್ದು, ನೀಲಿ ಕಲೆ, ಮೇಲೆ ಸರಿದ ಉಬ್ಬು, ತಿರುಗಿಸಲು ಬಾರದ ಕೈ: ಇವುಗಳಲ್ಲಿ ಎರಡು ಕಂಡರೂ ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.

ಹರಿದದ್ದು ಏನು

ಬೈಸೆಪ್ಸ್ ಅಂದರೆ ತೋಳಿನ ಮುಂಭಾಗದ ಸ್ನಾಯು. ಅದನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ಹುರಿಯೇ ಟೆಂಡನ್. ಮೇಲೆ ಭುಜದಲ್ಲಿ ಎರಡು ಹುರಿ, ಕೆಳಗೆ ಮೊಣಕೈ ಹತ್ತಿರ ಒಂದು. ಕೆಳಗಿನದು ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಗಿರುವ ರೇಡಿಯಸ್ ಮೂಳೆಯ ಒಂದು ಚಿಕ್ಕ ದಿಬ್ಬಕ್ಕೆ ಅಂಟಿರುತ್ತದೆ. ಅಂಗೈ ನೆಲ ನೋಡುವಾಗ ಈ ಹುರಿ ಮೂಳೆಗೆ ಸುತ್ತಿಕೊಂಡಿರುತ್ತದೆ. ಸ್ನಾಯು ಎಳೆದಾಗ ಬುಗುರಿಯ ದಾರ ಬಿಚ್ಚಿದ ಹಾಗೆ ಮೂಳೆ ತಿರುಗಿ ಅಂಗೈ ಮೇಲಾಗುತ್ತದೆ. ಬಲಗೈಯಲ್ಲಿ ಸ್ಕ್ರೂ ಬಿಗಿಯುವ ತಿರುವು ಇದೇ. ಮೊಣಕೈ ಮಡಚುವುದು ಬೈಸೆಪ್ಸ್ ಒಂದರ ಕೆಲಸ ಅಂತ ಮೂವತ್ತು ವರ್ಷ ನಂಬಿದ್ದೆ. ಅದರ ಅಡಿಯಲ್ಲಿ ಬ್ರೇಕಿಯಾಲಿಸ್ ಎಂಬ ಇನ್ನೊಂದು ಸ್ನಾಯು ಇದೆ, ಮಡಚುವ ಮುಖ್ಯ ಕೆಲಸ ಅದರದು. ಹುರಿ ಪೂರ್ತಿ ಹರಿದರೂ ಲೋಟ ಬಾಯಿಗೆ ಬರುವುದು ಅದರಿಂದಲೇ.

ಡಾಕ್ಟರು ನನ್ನ ಮೊಣಕೈ ತೊಂಬತ್ತು ಡಿಗ್ರಿ ಮಡಚಿಸಿ, ಅಂಗೈ ನನ್ನ ಮುಖದ ಕಡೆಗೆ ತಿರುಗಿಸಿಕೊಳ್ಳಲು ಹೇಳಿದರು. ಆಮೇಲೆ ಮೊಣಕೈಯ ಹೊರಬದಿಯಿಂದ ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ಒಳಗೆ ತೂರಿಸಿದರು. ಎಡಗೈಯಲ್ಲಿ ಬೆರಳಿಗೆ ಹಗ್ಗದಂತೆ ಹುರಿ ಸಿಕ್ಕಿತು, ಬಲಗೈಯಲ್ಲಿ ಏನೂ ಸಿಗಲಿಲ್ಲ. ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತು. ಹುರಿ ಅರ್ಧ ಹರಿದಿದೆಯೋ ಪೂರ್ತಿಯೋ, ಎಷ್ಟು ದೂರ ಸರಿದಿದೆ ಅನ್ನುವುದನ್ನು ನೋಡಲು ಆಮೇಲೆ ಎಂಆರ್‌ಐ ಮಾಡಿಸಿದರು.

ಆಪರೇಷನ್ ಬೇಕೇ?

ಎಲ್ಲರಿಗೂ ಬೇಕಿಲ್ಲ. ಭುಜದ ಕಡೆಯ ಉದ್ದನೆಯ ಹುರಿ ಹರಿದರೆ ತೋಳಿನ ಉಬ್ಬು ಕೆಳಕ್ಕೆ ಜಾರುತ್ತದೆ, ನೋಡಲು ವಿಚಿತ್ರವಾಗಿರುತ್ತದೆ. ಆದರೆ ಇನ್ನೊಂದು ಹುರಿ ಗಟ್ಟಿಯಾಗಿರುವುದರಿಂದ ಅನೇಕರು ಆಪರೇಷನ್ ಇಲ್ಲದೆಯೇ ಚೆನ್ನಾಗಿರುತ್ತಾರೆ. ಮೊಣಕೈ ಕಡೆ ಇರುವುದು ಒಂದೇ ಹುರಿ. ಅದು ಪೂರ್ತಿ ಹರಿದು ಹಾಗೇ ಬಿಟ್ಟರೆ ಅಂಗೈ ಮೇಲಕ್ಕೆ ತಿರುಗಿಸುವ ಬಲದಲ್ಲಿ ಸುಮಾರು 40%, ಮಡಚುವ ಬಲದಲ್ಲಿ ಸುಮಾರು 30% ಕಡಿಮೆಯಾಗುತ್ತದೆ. ವಯಸ್ಸಾದವರು, ಕೈಗೆ ಭಾರದ ಕೆಲಸ ಇಲ್ಲದವರು, ಬೇರೆ ಕಾಯಿಲೆಯಿಂದ ಅರಿವಳಿಕೆ ಅಪಾಯ ಎನಿಸುವವರು ಅಷ್ಟರಲ್ಲಿ ಹೊಂದಿಕೊಂಡು ಬದುಕಬಹುದು, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ತಿರುಗಿಸುವ ಬಲವೇ ಅನ್ನ. ನಾನು ಒಂದು ನಿಮಿಷವೂ ಯೋಚಿಸಲಿಲ್ಲ.

ನಿರ್ಧಾರ ಏನೇ ಇರಲಿ, ಬೇಗ ತೆಗೆದುಕೊಳ್ಳಿ. ಪೆಟ್ಟಾದ ಎರಡು ಮೂರು ವಾರದೊಳಗೆ ಹೊಲಿದರೆ ಹುರಿಯನ್ನು ಅದರ ಜಾಗಕ್ಕೆ ಎಳೆದು ತರುವುದು ಸುಲಭ. ತಡವಾದಷ್ಟೂ ಅದು ಮೇಲಕ್ಕೆ ಮುದುಡಿ, ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆಗ ಬೇರೆ ಕಡೆಯಿಂದ ಟೆಂಡನ್ ತುಂಡು ತಂದು ಜೋಡಿಸಬೇಕಾಗಬಹುದು. ನನ್ನದು ಹನ್ನೊಂದನೇ ದಿನ ಆಯಿತು.

ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದು

ಆಪರೇಷನ್‌ಗೆ ಮುಂಚಿನ ದಿನಗಳನ್ನು ಇನ್ನೊಂದು ಕೈಗೆ ಪಾಠ ಹೇಳಲು ಬಳಸಿ. ಹಲ್ಲುಜ್ಜುವುದು, ಊಟ ಮಾಡುವುದು, ಶೌಚ, ಗುಂಡಿ ಹಾಕುವುದು, ಫೋನ್ ಬಳಸುವುದು, ಎಲ್ಲವನ್ನೂ ಎಡಗೈಯಲ್ಲಿ ಮಾಡಿ ನೋಡಿದೆ. ಚಡ್ಡಿಯ ಲಾಡಿ ಕಟ್ಟುವುದು ಒಂದೇ ಕೈಯಲ್ಲಿ ಆಗದು ಅಂತ ಗೊತ್ತಾಗಿ ಎಲಾಸ್ಟಿಕ್ ಇರುವುದನ್ನು ತರಿಸಿದೆ. ಶರಟು ಸಡಿಲ ತೋಳಿನದಾಗಿ, ಮುಂದೆ ಗುಂಡಿ ಇರುವುದಾಗಿ ಇರಲಿ. ತೊಡುವಾಗ ನೋವಿರುವ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಕೈಯ ಕೂದಲನ್ನು ನೀವೇ ಬೋಳಿಸಬೇಡಿ. ಬ್ಲೇಡಿನ ಸಣ್ಣ ಗೀರೂ ಸೋಂಕಿಗೆ ದಾರಿ. ಉಂಗುರವನ್ನು ಮನೆಯಲ್ಲೇ ಬಿಚ್ಚಿಡಿ, ಬೆರಳು ಊದಿದ ಮೇಲೆ ಅದು ಬರುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಸ್ಟೀರಾಯ್ಡ್, ಅಲರ್ಜಿ ಯಾವುದಿದ್ದರೂ ಡಾಕ್ಟರಿಗೆ ಹೇಳಿ. ಜಿಮ್‌ಗೆ ಹೋಗುವವರು ಮೈ ಬೆಳೆಸಲು ಚುಚ್ಚಿಸಿಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ, ಟೆಂಡನ್ ಹರಿಯುವುದಕ್ಕೂ ಅದಕ್ಕೂ ನಂಟಿದೆ. ಸಿಗರೇಟಿಗೂ ಇದೆ. ನಾನು ದಿನಕ್ಕೆ ಎಂಟು ಹತ್ತು ಸೇದುತ್ತಿದ್ದೆ. ಹೊಗೆಯಿಂದ ಟೆಂಡನ್‌ಗೆ ರಕ್ತ ಕಡಿಮೆಯಾಗುತ್ತದೆ, ಹೊಲಿದದ್ದು ಕೂಡಲು ತಡವಾಗುತ್ತದೆ ಅಂದರು. ಅಂದೇ ಬಿಟ್ಟೆ.

ಆಪರೇಷನ್ ದಿನ ಮತ್ತು ಮೊದಲ ರಾತ್ರಿ

ನನಗೆ ಕುತ್ತಿಗೆಯ ಬುಡದಲ್ಲಿ ಸೂಜಿ ಹಾಕಿ ಕೈಯಷ್ಟನ್ನೇ ಮರಗಟ್ಟಿಸಿ, ಜೊತೆಗೆ ನಿದ್ದೆ ಬರಿಸಿದರು. ಕೆಲವರಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಮೊಣಕೈ ಮುಂದೆ ಕೊಯ್ದು, ಹರಿದ ತುದಿಯನ್ನು ಹುಡುಕಿ ಎಳೆದು ತಂದು, ಗಟ್ಟಿ ದಾರದಿಂದ ಹೆಣೆಯುತ್ತಾರೆ. ರೇಡಿಯಸ್ ಮೂಳೆಯಲ್ಲಿ ತೂತು ಕೊರೆದು, ಆ ದಾರ ಕಟ್ಟಿದ ಚಿಕ್ಕ ಲೋಹದ ಗುಂಡಿಯನ್ನು ತೂರಿಸಿ ಹಿಂಬದಿಯಲ್ಲಿ ಅಡ್ಡ ತಿರುಗಿಸಿದರೆ ಅದು ಹಿಂದೆ ಬರುವುದಿಲ್ಲ. ಹಲಗೆಯ ಹಿಂದೆ ಅಡ್ಡಗೂಟ ಕೊಟ್ಟು ಮುಂದಿನಿಂದ ಬಿಗಿದ ಹಾಗೆ. ಡಾಕ್ಟರು ಚಿತ್ರ ಬರೆದು ತೋರಿಸಿದಾಗ ನನಗೆ ಧೈರ್ಯ ಬಂದದ್ದು ಇದನ್ನು ನೋಡಿ, ಯಾಕೆಂದರೆ ಇದು ನನಗೆ ಗೊತ್ತಿರುವ ಕೆಲಸ. ಕೆಲವರು ಮೂಳೆಗೆ ಸ್ಕ್ರೂ ಅಥವಾ ಆಂಕರ್ (ದಾರ ಹಿಡಿದಿಡುವ ಚಿಕ್ಕ ಗೂಟ) ಹಾಕುತ್ತಾರೆ, ಕೆಲವರು ಮುಂಗೈ ಹಿಂದೆ ಇನ್ನೊಂದು ಕೊಯ್ತ ಮಾಡುತ್ತಾರೆ. ಒಂದೇ ಕೊಯ್ತದಲ್ಲಿ ಚರ್ಮದ ನರ ಜೋಮಾಗುವುದು ಹೆಚ್ಚು. ಎರಡು ಕೊಯ್ತದಲ್ಲಿ ಬೇಡದ ಜಾಗದಲ್ಲಿ ಮೂಳೆ ಬೆಳೆಯುವ ಸಾಧ್ಯತೆ ಹೆಚ್ಚು. ನಿಮ್ಮ ಡಾಕ್ಟರಿಗೆ ಯಾವುದು ಕೈಗೆ ಹತ್ತಿದೆಯೋ ಅದೇ ನಿಮಗೆ ಒಳ್ಳೆಯದು.

ಎದ್ದಾಗ ಬಲಗೈ ನನ್ನದಲ್ಲ ಅನ್ನಿಸಿತು. ಮೊಣಕೈ ತೊಂಬತ್ತು ಡಿಗ್ರಿಯಲ್ಲಿ ಮಡಚಿ, ಅಲುಗದಂತೆ ಸ್ಪ್ಲಿಂಟ್ ಎಂಬ ಗಟ್ಟಿ ಆಸರೆ ಕಟ್ಟಿದ್ದರು. ಮರಗಟ್ಟಿದ ಕೈ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಎಚ್ಚರವಾಗುತ್ತದೆ. ಅಲ್ಲಿಯವರೆಗೆ ಬಿಸಿ ಪಾತ್ರೆಗೆ ತಾಗಿದರೂ, ಮೈ ಕೆಳಗೆ ಸಿಕ್ಕಿಕೊಂಡರೂ ಗೊತ್ತಾಗುವುದಿಲ್ಲ. ಕಣ್ಣಿಟ್ಟು ಕಾಯಬೇಕು. ನಾನು ಮಾಡಿದ ತಪ್ಪು ಒಂದಿದೆ. ನೋವಿಲ್ಲವಲ್ಲ ಅಂತ ರಾತ್ರಿಯ ಮಾತ್ರೆ ತೆಗೆದುಕೊಳ್ಳದೆ ಮಲಗಿದೆ. ಬೆಳಗಿನ ಜಾವ ಮೂರಕ್ಕೆ ಮದ್ದು ಇಳಿದು, ನೋವು ಒಮ್ಮೆಲೇ ಹತ್ತಿತು. ಹತ್ತಿದ ಮೇಲೆ ನುಂಗಿದ ಮಾತ್ರೆ ಹಿಡಿಯಲು ಒಂದು ಗಂಟೆ ಬೇಕಾಯಿತು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಬೆಳಗು ಮಾಡಿದಳು. ಡಾಕ್ಟರು ಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ, ನೋವು ಶುರುವಾಗುವ ಮೊದಲೇ ತೆಗೆದುಕೊಳ್ಳಿ.

ಮೊದಲ ಮೂರು ನಾಲ್ಕು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲಿಡಿ. ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ ಬಿಡಿಸಿ, ಭುಜವನ್ನೂ ಆಡಿಸಿ, ಇಲ್ಲದಿದ್ದರೆ ಹೊಲಿದ ಜಾಗ ಸರಿಯಾಗುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ. ಮಲಗಲು ಅರ್ಧ ಒರಗಿದ ಭಂಗಿ ಸುಖ: ಬೆನ್ನಿಗೆ ಎರಡು ದಿಂಬು, ಕೈ ಕೆಳಗೆ ಒಂದು, ಮೊಣಕೈ ಹಿಂದೆ ಜಾರದಂತೆ ಇನ್ನೊಂದು. ಸ್ನಾನಕ್ಕೆ ಸ್ಪ್ಲಿಂಟ್ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ. ಕಂಕುಳು ಬೆವೆತು ಹುಣ್ಣಾಗುತ್ತದೆ. ಸ್ವಲ್ಪ ಮುಂದೆ ಬಾಗಿ ತೋಳನ್ನು ಮೈಯಿಂದ ದೂರ ಮಾಡಿ ದಿನವೂ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ.

ಕೆಲವು ಸಂಗತಿಗಳಿಗೆ ಕಾಯಬಾರದು. ಬೆರಳು ತಣ್ಣಗಾಗಿ ನೀಲಿಯಾದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಲೇ ಹೋದರೆ, ಸ್ಪ್ಲಿಂಟ್ ಬಿಗಿಯಾಗಿ ಕತ್ತರಿಸಿದಂತಾದರೆ, ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಕಂಡರೆ, ಮದ್ದು ಇಳಿದ ಮೇಲೂ ಹೆಬ್ಬೆರಳನ್ನು ಅಥವಾ ಬೆರಳುಗಳನ್ನು ಮೇಲಕ್ಕೆತ್ತಿ ಬಿಡಿಸಲು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆ ಕೊನೆಯದು ಆಳದ ಒಂದು ನರಕ್ಕೆ ಪೆಟ್ಟಾದ ಲಕ್ಷಣ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದರೆ ಡಾಕ್ಟರಿಗೆ ಮೊದಲ ದಿನವೇ ಗೊತ್ತಿರಬೇಕು. ಮುಂಗೈಯ ಹೊರಬದಿ ಮಾತ್ರ ಜೋಮು ಹಿಡಿದಿದ್ದರೆ ಗಾಬರಿ ಬೇಡ. ಅದು ಚರ್ಮದ ನರ, ಎಳೆದಾಟಕ್ಕೆ ಸಿಕ್ಕಿ ಮುನಿದಿರುತ್ತದೆ. ನನಗೆ ಹೆಬ್ಬೆರಳ ಬುಡದವರೆಗೆ ಮೂರು ತಿಂಗಳು ಬಟ್ಟೆ ಸುತ್ತಿದ ಹಾಗಿತ್ತು, ಆಮೇಲೆ ಇರುವೆ ಹರಿದಂತಾಗಿ ಮೆಲ್ಲಗೆ ಹೋಯಿತು.

ಎರಡನೇ ವಾರದಿಂದ ಆರನೇ ವಾರ

ಹದಿಮೂರನೇ ದಿನ ಹೊಲಿಗೆ ಬಿಚ್ಚಿ, ಸ್ಪ್ಲಿಂಟ್ ತೆಗೆದು, ಕೀಲಿರುವ ಬ್ರೇಸ್ ಹಾಕಿದರು. ಬಾಗಿಲಿನ ಕೀಲಿಗೆ ತಡೆ ಕೊಟ್ಟಂತೆ ಅದರಲ್ಲಿ ಕೈ ಎಷ್ಟು ನೇರವಾಗಬಹುದು ಅನ್ನುವುದಕ್ಕೆ ಒಂದು ತಡೆ ಇರುತ್ತದೆ. ಮೊದಲು ಅರ್ಧದಷ್ಟೇ ಬಿಟ್ಟು, ವಾರ ವಾರಕ್ಕೆ ಹತ್ತು ಹದಿನೈದು ಡಿಗ್ರಿ ಸಡಿಲಿಸುತ್ತಾ ಬಂದರು. ಇದು ಎಲ್ಲರಿಗೂ ಒಂದೇ ಅಲ್ಲ. ಹುರಿ ಸಡಿಲವಾಗಿ ಸಿಕ್ಕಿದವರಿಗೆ ಬೇಗ ಬಿಡುತ್ತಾರೆ, ಕಷ್ಟಪಟ್ಟು ಎಳೆದು ಕಟ್ಟಿದವರಿಗೆ ನಿಧಾನ. ಇನ್ನೊಬ್ಬರ ಲೆಕ್ಕ ನೋಡಿ ನಿಮ್ಮ ಬ್ರೇಸ್ ಸಡಿಲಿಸಿಕೊಳ್ಳಬೇಡಿ. ನನ್ನ ಲೆಕ್ಕವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಈ ವಾರಗಳ ವ್ಯಾಯಾಮ ನೋಡಲು ಏನೂ ಅಲ್ಲ. ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ಮೇಲಕ್ಕೆ ತರುವುದು, ಬ್ರೇಸ್ ಬಿಡುವಷ್ಟು ಕೆಳಗೆ ಇಳಿಸುವುದು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಎಡಗೈಯ ಸಹಾಯದಿಂದಲೇ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು. ಬಲಗೈ ಸುಮ್ಮನೆ ಸತ್ತಂತೆ ಇರಬೇಕು, ಕೆಲಸವೆಲ್ಲ ಎಡಗೈಯದು. ಹತ್ತು ಸಲ, ದಿನಕ್ಕೆ ನಾಲ್ಕು ಹೊತ್ತು. ಆರನೇ ವಾರದ ಹೊತ್ತಿಗೆ ನನ್ನ ಕೈ ಹೆಚ್ಚುಕಡಿಮೆ ನೇರವಾಯಿತು. ಕೊನೆಯ ಐದು ಡಿಗ್ರಿ ಬರಲಿಲ್ಲ ಅಂತ ನೋಡಲು ಬಂದ ನೆಂಟರೊಬ್ಬರು “ಒಂದ್ಸಲ ಎಳೆದುಬಿಡ್ತೀನಿ ಕೊಡಿ” ಅಂದರು. ನನ್ನ ಹೆಂಡತಿ ಅಡ್ಡ ಬಂದಳು. ಯಾರಿಗೂ ಎಳೆಯಲು ಕೊಡಬೇಡಿ. ಬಲವಂತ ಮಾಡದಿದ್ದರೂ ಅದು ಬರುತ್ತದೆ.

ನೋವು ಹೋದ ಮೇಲಿನ ವಾರಗಳು

ಇಷ್ಟೆಲ್ಲ ಬರೆಯಲು ಕೂತದ್ದೇ ಈ ಭಾಗಕ್ಕಾಗಿ.

ನಾಲ್ಕನೇ ವಾರದಲ್ಲಿ ನನಗೆ ನೋವೇ ಇರಲಿಲ್ಲ. ಐದನೇ ವಾರದಲ್ಲಿ ಕೈ ನನ್ನದೇ ಅನ್ನಿಸತೊಡಗಿತು. ಒಂದು ಸಂಜೆ ಬ್ರೇಸ್ ಬಿಚ್ಚಿ ವ್ಯಾಯಾಮ ಮುಗಿಸಿ ಕೂತಿದ್ದೆ. ಬೆಂಚಿನ ಅಂಚಿನಲ್ಲಿದ್ದ ಸುತ್ತಿಗೆ ಜಾರಿತು. ಯೋಚನೆಗಿಂತ ಮೊದಲೇ ಬಲಗೈ ಮುಂದೆ ಹೋಗಿತ್ತು. ಸುತ್ತಿಗೆ ಬೆರಳಿಗೆ ತಾಗಿ ಕೆಳಗೆ ಬಿತ್ತು, ಹಿಡಿತಕ್ಕೆ ಸಿಗಲಿಲ್ಲ. ಮೊಣಕೈಯಲ್ಲಿ ಚುಳುಕ್ ಅಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ಡಾಕ್ಟರು ಮತ್ತೆ ಬೆರಳು ತೂರಿಸಿ ಹುರಿ ಇದೆ ಅಂದಾಗ ನನ್ನ ಕಣ್ಣು ತುಂಬಿತು.

ಅವರು ಅಂದು ಹೇಳಿದ್ದು ಇದು. ಚರ್ಮ ಎರಡು ವಾರದಲ್ಲಿ ಕೂಡುತ್ತದೆ, ಊತ ನಾಲ್ಕು ವಾರದಲ್ಲಿ ಇಳಿಯುತ್ತದೆ, ನೋವು ಅದರ ಜೊತೆಗೇ ಹೋಗುತ್ತದೆ. ಟೆಂಡನ್ ಮೂಳೆಗೆ ಬೇರು ಬಿಡುವುದು ಮಾತ್ರ ಬೇರೆಯೇ ಕಾಲಮಾನ. ಒಳ್ಳೆಯ ಭಾರ ತಾಳಲು ಸುಮಾರು ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಕೈಯನ್ನು ಹಿಡಿದಿಟ್ಟಿರುವುದು ದಾರ ಮತ್ತು ಗುಂಡಿ. ನಮಗೆ ಇದು ಅರ್ಥವಾಗಬೇಕು: ಅಂಟು ಹಚ್ಚಿದ ಜೋಡಣೆ ಹೊರಗೆ ಒಣಗಿ ಕಂಡ ಮಾತ್ರಕ್ಕೆ ಕ್ಲಾಂಪ್ ಬಿಚ್ಚುವುದಿಲ್ಲ.

ಅಂದಿನಿಂದ ಬಲ ಮಣಿಕಟ್ಟಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿಕೊಂಡೆ. ನನಗೂ ನೆನಪಿಗೆ, ಬೇರೆಯವರಿಗೂ ಎಚ್ಚರಿಕೆಗೆ. ಮನೆಯಲ್ಲಿ ನಡೆಯುವಾಗ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಸ್ಲಿಂಗ್ ಹಾಕಿಕೊಂಡಿರುತ್ತಿದ್ದೆ, ಕೈ ತಾನಾಗಿ ಚಾಚಬಾರದು ಅಂತ. ಆರು ವಾರ ದಾಟಿದ ಮೇಲೂ ಎತ್ತುವ ಮಿತಿ ಒಂದು ತುಂಬಿದ ಲೋಟ. ಆದರೆ ಭಾರ ಎತ್ತುವುದಷ್ಟೇ ಅಪಾಯ ಅಂದುಕೊಳ್ಳಬೇಡಿ. ಬಿಗಿಯಾದ ನಲ್ಲಿ ತಿರುಗಿಸುವುದು, ಬೀಗದ ಕೈ, ಡಬ್ಬಿಯ ಮುಚ್ಚಳ, ಒದ್ದೆ ಬಟ್ಟೆ ಹಿಂಡುವುದು, ಬಾಗಿಲಿನ ಗುಬ್ಬಿ ಹಿಡಿಕೆ, ಎಲ್ಲವೂ ತಿರುವು. ಹಾಸಿಗೆಯಿಂದ ಏಳುವಾಗ ಯಾರಾದರೂ ಬಲಗೈ ಹಿಡಿದು ಎಬ್ಬಿಸುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದು, ಮಗು ಓಡಿ ಬಂದು ಕೈಗೆ ಜೋತು ಬೀಳುವುದು: ಇವು ಹಠಾತ್ ಎಳೆತ. ಹುರಿ ಮೊದಲ ಸಲ ಹರಿದದ್ದೂ ಅಂಥದ್ದೇ ಎಳೆತಕ್ಕೆ. ಮತ್ತೆ ಹರಿಯುವುದು ಅಪರೂಪ. ಹರಿದರೆ ಎರಡನೇ ಆಪರೇಷನ್ ಮೊದಲಿನಷ್ಟು ಸರಳವಲ್ಲ.

ವಾಹನ ಓಡಿಸುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ರೇಸ್ ಇರುವಷ್ಟು ದಿನ ಬೇಡ. ಎರಡೂ ಕೈಯಿಂದ ಸ್ಟಿಯರಿಂಗ್ ಅಥವಾ ಹ್ಯಾಂಡಲ್ ಅನ್ನು ತಟ್ಟನೆ ತಿರುಗಿಸಲು ಬರುತ್ತದೆಯೇ ಅಂತ ಡಾಕ್ಟರಿಂದ ಖಾತ್ರಿ ಮಾಡಿಕೊಂಡ ಮೇಲೆಯೇ. ಹೆಚ್ಚಿನವರಿಗೆ ಆರು ವಾರ ದಾಟುತ್ತದೆ. ಮೇಜಿನ ಕೆಲಸದವರು ಒಂದೆರಡು ವಾರದಲ್ಲೇ ಕೆಲಸಕ್ಕೆ ಮರಳಬಹುದು. ನನ್ನಂಥವರು ನಾಲ್ಕರಿಂದ ಆರು ತಿಂಗಳ ದುಡಿಮೆ ಇಲ್ಲ ಅಂತಲೇ ಲೆಕ್ಕ ಹಾಕಿ, ಒಪ್ಪಿಕೊಂಡ ಕೆಲಸಗಳನ್ನು ಮೊದಲೇ ಬೇರೆಯವರಿಗೆ ಒಪ್ಪಿಸಬೇಕು. ನಾನು ಹುಡುಗರ ಪಕ್ಕ ಕೂತು ಅಳತೆ ಹೇಳುತ್ತಿದ್ದೆ. ಉಳಿ ಮುಟ್ಟದೆ ಕೂತ ಆ ತಿಂಗಳುಗಳು ನೋವಿಗಿಂತ ಕಷ್ಟ.

ಬಲ ತುಂಬುವುದು

ಆರು ವಾರದ ನಂತರ ಬಲಗೈ ತನ್ನ ಭಾರವನ್ನು ತಾನೇ ಎತ್ತಬಹುದು, ಆ ಲೋಟ ಬಿಟ್ಟರೆ ಬೇರೆ ಏನನ್ನೂ ಅಲ್ಲ. ಹತ್ತು ಹನ್ನೆರಡನೇ ವಾರದಲ್ಲಿ ಫಿಸಿಯೋಥೆರಪಿಯವರು ಅರ್ಧ ಕೆಜಿ, ಆಮೇಲೆ ಒಂದು ಕೆಜಿ ಕೊಟ್ಟರು. ಅವರು ಕಲಿಸಿದ್ದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸುತ್ತಿಗೆಯ ವ್ಯಾಯಾಮ. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ಅಂಚಿನಾಚೆ ಬಿಟ್ಟು, ಸುತ್ತಿಗೆಯನ್ನು ನೆಟ್ಟಗೆ ಹಿಡಿಯಿರಿ. ಮೆಲ್ಲಗೆ ಒಂದು ಬದಿಗೆ ವಾಲಿಸಿ, ಮತ್ತೆ ನೆಟ್ಟಗೆ ತನ್ನಿ, ಇನ್ನೊಂದು ಬದಿಗೆ ವಾಲಿಸಿ. ಮೊದಲು ತಲೆಯ ಹತ್ತಿರ ಹಿಡಿದರೆ ಹಗುರ. ವಾರಗಳು ಕಳೆದಂತೆ ಹಿಡಿಯ ತುದಿಯ ಕಡೆಗೆ ಕೈ ಜಾರಿಸಿಕೊಂಡು ಹೋಗಿ, ಅದೇ ಸುತ್ತಿಗೆ ಭಾರವಾಗುತ್ತಾ ಹೋಗುತ್ತದೆ. ಹಿಡಿಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿ ತಾರೀಖು ಬರೆಯುತ್ತಿದ್ದೆ. ಹದಿನೇಳು ಗೀಟುಗಳಿವೆ, ಇನ್ನೂ ಅಳಿಸಿಲ್ಲ.

ವ್ಯಾಯಾಮದ ಮಾರನೆಯ ದಿನ ಸ್ನಾಯು ಹಿಡಿದಂತಿದ್ದರೆ ಅದು ಸರಿ. ಮೊಣಕೈಯ ಒಳಮಡಿಕೆಯಲ್ಲೇ ಚುಚ್ಚುವ ನೋವು ಬಂದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಅಂಗೈ ತಿರುಗುವುದು ದಿನೇ ದಿನೇ ಕಡಿಮೆಯಾಗುತ್ತಾ, ಗಟ್ಟಿ ತಡೆ ಸಿಕ್ಕಿದಂತಾದರೆ ಎಕ್ಸ್‌ರೇ ತೆಗೆಸಲು ಕೇಳಿ. ಎರಡು ಮೂಳೆಗಳ ನಡುವೆ ಬೇಡದ ಮೂಳೆ ಬೆಳೆಯುತ್ತಿರಬಹುದು.

ನಾಲ್ಕನೇ ತಿಂಗಳು ಮೆದು ಮರದಲ್ಲಿ ಮೊದಲೇ ತೂತು ಕೊರೆದು, ಒಂದು ಚಿಕ್ಕ ಸ್ಕ್ರೂ ಇಟ್ಟು ತಿರುಗಿಸಿದೆ. ಹೋಯಿತು. ಆರು ಸುತ್ತು ತಿರುಗಿಸುವಷ್ಟರಲ್ಲಿ ತೋಳು ಸೋತಿತು, ಆದರೆ ಹೋಯಿತು. ಆರನೇ ತಿಂಗಳಲ್ಲಿ ಡಾಕ್ಟರು ಭಾರಕ್ಕೆ ಒಪ್ಪಿಗೆ ಕೊಟ್ಟರು. ಒಂದೇ ಸಲದ ಬಲ ಬೇಗ ಬರುತ್ತದೆ, ಇಡೀ ದಿನ ತಾಳುವ ಬಲ ಬರಲು ನನಗೆ ಹತ್ತು ತಿಂಗಳು ಹಿಡಿಯಿತು. ಈಗಲೂ ಮೊಣಕೈ ಮುಂದೆ ಒಂದು ತೆಳು ಗೆರೆ ಇದೆ, ದಿನದ ಕೊನೆಗೆ ಬಲ ತೋಳು ಎಡದ್ದಕ್ಕಿಂತ ಮೊದಲು ದಣಿಯುತ್ತದೆ. ಕೆಲಸಕ್ಕೆ ಅದು ಅಡ್ಡಿಯಾಗಿಲ್ಲ.

ಒಂದು ಕಡೆ ಹರಿದವರಿಗೆ ಇನ್ನೊಂದು ಕಡೆಯೂ ಹರಿಯುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಅಂತ ಡಾಕ್ಟರು ಕೊನೆಯ ಭೇಟಿಯಲ್ಲಿ ಹೇಳಿದರು. ಹಾಗಾಗಿ ನಮ್ಮಲ್ಲಿ ಈಗ ಬಾಗಿಲು ಎತ್ತುವಾಗ ಮೂವರು ಇರುತ್ತೇವೆ, ಮೈಗೆ ತಾಗಿಸಿಕೊಂಡೇ ಹೊರುತ್ತೇವೆ. ಕೈ ಜಾರಿತು ಅನ್ನಿಸಿದವನು “ಬಿಟ್ಟೆ” ಅಂತ ಕೂಗಬೇಕು, ಕೂಗಿದ ಕೂಡಲೇ ಉಳಿದಿಬ್ಬರೂ ಕಾಲು ಹಿಂದೆ ತೆಗೆದು ಬಾಗಿಲನ್ನು ಬೀಳಲು ಬಿಡಬೇಕು. ಕಳೆದ ತಿಂಗಳು ಹಾಗೆ ಒಂದು ಬಿತ್ತು. ಮೂಲೆ ಸೀಳಿತು. ಅರ್ಧ ದಿನ ಕೂತು ತೇಪೆ ಹಾಕಿದೆ.